ಮನೆಗೊಂದು ಪೇಪರ್ ಶ್ರೆಡ್ಡರ್: ಹತ್ತು ತಿಂಗಳು ಬಳಸಿದ ಮೇಲೆ

ಕಳೆದ ವರ್ಷ ಮಾರ್ಚ್‌ನಲ್ಲಿ ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 3,850 ರೂಪಾಯಿ ಕೊಟ್ಟು ಒಂದು ಪೇಪರ್ ಶ್ರೆಡ್ಡರ್, ಅಂದರೆ ಕಾಗದ ಚೂರು ಮಾಡುವ ಮೆಷಿನ್, ತಂದೆ. ಆನ್‌ಲೈನಿನಲ್ಲಿ ಇನ್ನೂರು ಮುನ್ನೂರು ಕಮ್ಮಿಗೆ ಸಿಗುತ್ತಿತ್ತು. ಆದರೆ ಕಣ್ಣೆದುರು ಒಂದು ಹಾಳೆ ಹಾಕಿಸಿ, ಕೆಳಗೆ ಬಿದ್ದ ಚೂರನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವ ಮನಸ್ಸು ನನಗಿರಲಿಲ್ಲ. ಡೊಂಬಿವಲಿ ಪೂರ್ವದ ನಮ್ಮ ಸಣ್ಣ ಮನೆಯಲ್ಲಿ ಹೊಲಿಗೆ ಮೆಷಿನ್ ಪಕ್ಕ ಅದಕ್ಕೊಂದು ಜಾಗ ಮಾಡಿದ್ದೇನೆ. ಈಗ ಹತ್ತು ತಿಂಗಳಾಯಿತು. ಕುಂದಾಪುರದ ನೆಂಟರು, ಮಾಟುಂಗದ ಗೆಳತಿಯರು ಎಲ್ಲರೂ "ಅದು ಆಫೀಸಿಗೆ ಸರಿ, ಮನೆಗೆ ಯಾಕೆ?" ಎಂದು ಕೇಳುತ್ತಲೇ ಇದ್ದಾರೆ. ಅವರಿಗೆಲ್ಲ ಸೇರಿಸಿ ಒಮ್ಮೆ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹಾಕುತ್ತಿಲ್ಲ. ಒಂದೇ ಮೆಷಿನ್‌ಗೆ ಬೇರೆ ಬೇರೆ ಹೆಸರು ಅಂಟಿಸಿ ಮಾರುವುದನ್ನು ಆ ರಸ್ತೆಯಲ್ಲೇ ಕಂಡೆ. ಪೆಟ್ಟಿಗೆಯ ಮೇಲೆ ಏನನ್ನು ಓದಬೇಕು ಎಂದು ಗೊತ್ತಿದ್ದರೆ ಹೆಸರು ಯಾವುದಾದರೂ ನಡೆಯುತ್ತದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು, ಇದನ್ನು ತರಲೇಬೇಕು ಎಂದು ನನಗೆ ಯಾಕೆ ಅನ್ನಿಸಿತು ಎನ್ನುವುದು.

2022ರಲ್ಲಿ ಮಗನ ಮನೆ ಸಾಲಕ್ಕೆ ನಮ್ಮ ಯಜಮಾನರೂ ಸಹಿ ಹಾಕಬೇಕಿತ್ತು. ಬ್ಯಾಂಕಿನವರು ಇವರ ಕ್ರೆಡಿಟ್ ರಿಪೋರ್ಟ್, ಅಂದರೆ ಹೆಸರಿನಲ್ಲಿರುವ ಸಾಲ, ಕಂತುಗಳ ಪಟ್ಟಿ, ತೆಗೆದರು. ಅದರಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ 46,000 ರೂಪಾಯಿ ಸಾಲ ಪಡೆದು ನಾಲ್ಕು ಕಂತು ಕಟ್ಟಿಲ್ಲ ಎಂದಿತ್ತು. ಇವರು ಜೀವಮಾನದಲ್ಲಿ ಕಂತಿನ ಮೇಲೆ ಒಂದು ಫ್ಯಾನ್ ಸಹ ಕೊಂಡವರಲ್ಲ. ಓಡಾಡಿ ಓಡಾಡಿ, ಕೊನೆಗೆ ಆ ಕಂಪನಿಯವರು ಅರ್ಜಿಯ ಕಾಗದ ತೋರಿಸಿದರು. ಸಹಿ ಇವರದ್ದಲ್ಲ, ಫೋನ್ ನಂಬರ್ ಇವರದ್ದಲ್ಲ. ಆದರೆ ಆಧಾರ್ ಮತ್ತು ಪ್ಯಾನ್ ಜೆರಾಕ್ಸ್ ಮಾತ್ರ ಇವರದ್ದೇ.

ನಾನು ಫೋರ್ಟಿನ ಬ್ಯಾಂಕೊಂದರಲ್ಲಿ 31 ವರ್ಷ ಇಂಥ ಕಾಗದಗಳನ್ನೇ ನೋಡಿ ನಿವೃತ್ತಳಾದವಳು. ಹಾಗಾಗಿ ಆ ಜೆರಾಕ್ಸನ್ನು ಬೆಳಕಿಗೆ ಹಿಡಿದು ನೋಡಿದೆ. ಆಧಾರ್ ಕಾರ್ಡ್ ಹಾಳೆಯ ಮೇಲೆ ವಾರೆಯಾಗಿ ಬಿದ್ದಿತ್ತು, ಎಡಗಡೆಯ ಅಂಚು ಕತ್ತರಿಸಿ ಹೋಗಿತ್ತು. ಇವರ ಫೋಟೋದ ಹಣೆಯ ಮೇಲೆ ಕೂದಲೆಳೆಯಂಥ ಒಂದು ಕಪ್ಪು ಗೀರು. ಆ ಗೀರು ನನಗೆ ಪರಿಚಯದ್ದು. ಮನೆಯ ಫೈಲಿನಲ್ಲಿದ್ದ ನಮ್ಮ ಎಷ್ಟೋ ಜೆರಾಕ್ಸ್‌ಗಳಲ್ಲಿ ಅದೇ ಜಾಗದಲ್ಲಿ ಅದೇ ಗೀರು ಇದೆ. ನಾವು ಯಾವಾಗಲೂ ಹೋಗುವ ಅಂಗಡಿಯ ಮೆಷಿನ್ನಿನ ಗಾಜಿನ ಮೇಲಿನ ಗೀರು ಅದು. ಒಂದು ದಿನ ಅಲ್ಲಿ ಕಾಪಿ ವಾರೆಯಾಗಿ ಬಂದಿತ್ತು. "ಆಂಟಿ, ಸರಿ ಬರಲಿಲ್ಲ, ಇನ್ನೊಂದು ತೆಗೀತೇನೆ" ಎಂದು ಹುಡುಗ ಹಾಳಾದದ್ದನ್ನು ಕಾಲ ಬಳಿಯ ಬುಟ್ಟಿಗೆ ಹಾಕಿದ್ದ. ಒಳ್ಳೆಯ ಕಾಪಿ ತೆಗೆದುಕೊಂಡು, ದುಡ್ಡು ಕೊಟ್ಟು, ನಾನು ಮನೆಗೆ ಬಂದಿದ್ದೆ.

ಆ ಹುಡುಗ ಕಳ್ಳ ಎಂದು ನಾನು ಹೇಳುವುದಿಲ್ಲ. ಬುಟ್ಟಿಯನ್ನು ಸಂಜೆ ಯಾರು ಖಾಲಿ ಮಾಡಿದರೋ, ಅಲ್ಲಿಂದ ಅದು ಎಲ್ಲಿಗೆ ಹೋಯಿತೋ. ಇವರ ಹೆಸರಿನಿಂದ ಆ ಸಾಲ ಅಳಿಸಲು ಏಳು ತಿಂಗಳು ಹಿಡಿಯಿತು, ಮಗನ ಸಾಲ ಅಷ್ಟು ತಡವಾಯಿತು. ಈಗಿನ ನಿಯಮ ಆಗ ಇದ್ದಿದ್ದರೆ ನಮಗೆ ಒಂದು ಆಧಾರ ಇರುತ್ತಿತ್ತು: 2024ರ ಏಪ್ರಿಲ್ 26ರಿಂದ, ಇಂಥ ದೂರು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಮಾಡಿದೆ. ಈ ರಿಪೋರ್ಟ್ ತಯಾರಿಸುವ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ನಾನೀಗ ಮೂರು ತಿಂಗಳಿಗೊಂದು ಕಂಪನಿಯದ್ದು ತೆಗೆದು, ವರ್ಷವಿಡೀ ಕಣ್ಣಿಟ್ಟಿರುತ್ತೇನೆ. ದಯವಿಟ್ಟು ನೀವೂ ತೆಗೆಯಿರಿ.

ಇಷ್ಟಾದರೂ ಮೆಷಿನ್ ತರುವ ಯೋಚನೆ ಬಂದಿರಲಿಲ್ಲ. ಅದು ಬಂದದ್ದು ಕಳೆದ ಫೆಬ್ರವರಿಯಲ್ಲಿ. ಠಾಣೆ ಸ್ಟೇಷನ್ ಹೊರಗೆ ಹತ್ತು ರೂಪಾಯಿಯ ಹುರಿದ ಶೇಂಗಾ ತೆಗೆದುಕೊಂಡು ಗಾಡಿ ಹತ್ತಿದೆ. ಮುಂಬ್ರಾ ದಾಟುವಾಗ ಶೇಂಗಾ ಮುಗಿಯಿತು. ಸಿಪ್ಪೆ ಕಟ್ಟಿಡೋಣವೆಂದು ಪೊಟ್ಟಣ ಬಿಡಿಸಿದರೆ, ಒಬ್ಬ ಹೆಣ್ಣುಮಗಳ ವಿಮೆ ಅರ್ಜಿಯ ಮೊದಲ ಪುಟ. ಹೆಸರು, ಹುಟ್ಟಿದ ತಾರೀಕು, ಕಲ್ಯಾಣ್ ಊರಿನ ವಿಳಾಸ, ಮೊಬೈಲ್, ತಾಯಿಯ ಹೆಸರು, ಕೆಳಗೆ ಸಹಿ. ಉಪ್ಪು ಅಂಟಿಕೊಂಡ ಬೆರಳಿನಲ್ಲಿ ಅದನ್ನು ಹಿಡಿದು ಕೂತೆ. ಬ್ಯಾಂಕಿನಲ್ಲಿದ್ದಾಗ ಫೋನ್ ಮಾಡಿದ ಗ್ರಾಹಕರು ಅವರೇ ಹೌದೇ ಎಂದು ತಿಳಿಯಲು ನಾನು ಕೇಳುತ್ತಿದ್ದದ್ದು ಇವನ್ನೇ: ಹುಟ್ಟಿದ ತಾರೀಕು ಹೇಳಿ, ತಾಯಿಯ ಹೆಸರು ಹೇಳಿ. ಎರಡಕ್ಕೂ ಉತ್ತರ ಶೇಂಗಾ ಪೊಟ್ಟಣದಲ್ಲಿತ್ತು. ಹುಡುಗಿಗೆ ನನ್ನ ಮಗಳ ವಯಸ್ಸು.

ನಮ್ಮ ರದ್ದಿವಾಲಾ ಹದಿನೈದು ವರ್ಷದಿಂದ ಬರುವವನು, ಒಳ್ಳೆಯ ಮನುಷ್ಯ. ಪಾರ್ಕಿಂಗ್ ಜಾಗದಲ್ಲಿ ತಕ್ಕಡಿ ಇಟ್ಟು, ನ್ಯೂಸ್‌ಪೇಪರ್ ಬೇರೆ, ಪುಸ್ತಕ ಬೇರೆ, ಬಿಳಿ ಹಾಳೆ ಬೇರೆ ಎಂದು ವಿಂಗಡಿಸುತ್ತಾನೆ. ಆ ಬಿಳಿ ಹಾಳೆಯೇ ನಮ್ಮ ಸ್ಟೇಟ್‌ಮೆಂಟು, ಫಾರ್ಮು, ಜೆರಾಕ್ಸು. ಅವನಿಂದ ಗೋದಾಮಿಗೆ, ಗೋದಾಮಿನಿಂದ ಶೇಂಗಾ ಗಾಡಿಗೆ. ನಡುವೆ ಒಬ್ಬ ಕೆಟ್ಟವನು ಕೂತು ಆರಿಸಿಕೊಂಡರೆ ಸಾಕು, ಕಂಪ್ಯೂಟರ್ ಮುಟ್ಟುವ ಅಗತ್ಯವೇ ಇಲ್ಲ.

ಇನ್ನು ಮೆಷಿನ್. ಎರಡು ಜಾತಿ ಇವೆ. ಒಂದು ಕಾಗದವನ್ನು ಉದ್ದುದ್ದ ಪಟ್ಟಿಯಾಗಿ ಸೀಳುತ್ತದೆ. ಇನ್ನೊಂದು ಸೀಳುವುದರ ಜೊತೆಗೆ ಅಡ್ಡವೂ ಕತ್ತರಿಸುತ್ತದೆ, ಅದಕ್ಕೆ ಕ್ರಾಸ್ ಕಟ್ ಎನ್ನುತ್ತಾರೆ. ಪಟ್ಟಿ ಸೀಳುವುದು ಅರ್ಧ ಬೆಲೆಗೆ ಸಿಗುತ್ತದೆ. ಅದನ್ನು ಕೊಳ್ಳಬೇಡಿ. ಯಾಕೆ ಹೇಳುತ್ತೇನೆಂದರೆ, ನಾನು ಪರೀಕ್ಷೆ ಮಾಡಿದ್ದೇನೆ. ತಮ್ಮನ ಆಫೀಸಿನಲ್ಲಿ ಅಂಥದೊಂದು ಹಳೆಯ ಮೆಷಿನ್ ಇದೆ. ಅರ್ಧ ಹಾಳೆಯ ಒಂದು ಹಳೆಯ ಬಿಲ್ಲನ್ನು ಅದಕ್ಕೆ ಅಡ್ಡವಾಗಿ ಹಾಕಿಸಿದೆ. 6 ಮಿಲಿಮೀಟರ್ ಅಗಲದ ಇಪ್ಪತ್ತೈದು ಪಟ್ಟಿ ಬಂದವು. ಅಕ್ಷರದ ಸಾಲು ಪಟ್ಟಿಯ ಉದ್ದಕ್ಕೇ ಇದ್ದುದರಿಂದ ಕೆಲವು ಪಟ್ಟಿಗಳಲ್ಲಿ ಹೆಸರು, ವಿಳಾಸದ ಸಾಲು ಇಡಿಯಾಗಿ ಓದುವಂತೆ ಉಳಿದಿತ್ತು. ಉಳಿದದ್ದನ್ನು ಹತ್ತು ವರ್ಷದ ಮೊಮ್ಮಗಳ ಮುಂದೆ ಇಟ್ಟೆ. ಸೆಲೋಟೇಪ್ ಹಿಡಿದು ನಲವತ್ತು ನಿಮಿಷದಲ್ಲಿ ಬಿಲ್ಲನ್ನು ಜೋಡಿಸಿಬಿಟ್ಟಳು. 1979ರ ನವೆಂಬರ್‌ನಲ್ಲಿ ಟೆಹ್ರಾನಿನ ಅಮೆರಿಕನ್ ರಾಯಭಾರ ಕಚೇರಿಗೆ ನುಗ್ಗಿದ ವಿದ್ಯಾರ್ಥಿಗಳಿಗೂ ಇಂಥ ಪಟ್ಟಿಗಳ ರಾಶಿಯೇ ಸಿಕ್ಕಿದ್ದು. ಅವರು ತಾಳ್ಮೆಯಿಂದ ಒಂದೊಂದೇ ಜೋಡಿಸಿ, ಗುಟ್ಟಿನ ಕಾಗದಗಳನ್ನು ಪುಸ್ತಕವಾಗಿಯೇ ಅಚ್ಚು ಹಾಕಿಸಿದರು.

ಪೆಟ್ಟಿಗೆಯ ಮೇಲೆ ಓದಬೇಕಾದ್ದು ಚೂರಿನ ಅಳತೆ. ಜರ್ಮನಿಯ ಡಿಐಎನ್ 66399 ಎಂಬ ಮಾನದಂಡದಲ್ಲಿ ಕಾಗದಕ್ಕೆ ಪಿ-1ರಿಂದ ಪಿ-7ರವರೆಗೆ ಏಳು ಹಂತಗಳಿವೆ, ಅಂಕಿ ಏರಿದಂತೆ ಚೂರು ಸಣ್ಣದು. ಪಿ-4 ಎಂದರೆ ಒಂದು ಚೂರು 160 ಚದರ ಮಿಲಿಮೀಟರ್ ಮೀರಬಾರದು. ಮನೆಗೆ ಅದು ಬೇಕಾದಷ್ಟಾಯಿತು. ನನ್ನದು 4 ಮಿಮೀ ಅಗಲ, 35 ಮಿಮೀ ಉದ್ದಕ್ಕೆ ಕತ್ತರಿಸುತ್ತದೆ, ಅಂದರೆ 140. ಲೆಕ್ಕ ಹಾಕಿದರೆ ಒಂದು ಎ4 ಹಾಳೆ ಸುಮಾರು 445 ಚೂರಾಗುತ್ತದೆ. ಮೊಮ್ಮಗಳು ಇದನ್ನೂ ಜೋಡಿಸಲು ಕೂತಳು. ಕಾಲು ಗಂಟೆಯಲ್ಲಿ "ಅಜ್ಜಿ, ಇದು ಆಗೂದಿಲ್ಲ" ಎಂದು ಎದ್ದುಹೋದಳು. ಪಿ-5ರ ಮೆಷಿನ್ ಸಹ ಅಂಗಡಿಯಲ್ಲಿತ್ತು, ಬೆಲೆ ಹೆಚ್ಚುಕಮ್ಮಿ ಎರಡು ಪಟ್ಟು. ನನಗೆ ಅಷ್ಟು ಬೇಕು ಅನ್ನಿಸಲಿಲ್ಲ.

ಅಂಗಡಿಯವರು ಹೇಳಿದ್ದಕ್ಕೂ ಮನೆಯಲ್ಲಿ ನಡೆದದ್ದಕ್ಕೂ ವ್ಯತ್ಯಾಸವಿದೆ. ಪೆಟ್ಟಿಗೆಯ ಮೇಲೆ ಒಮ್ಮೆಗೆ 6 ಹಾಳೆ ಎಂದಿದೆ. ಅದು 70 ಜಿಎಸ್‌ಎಂನ (ಚದರ ಮೀಟರಿಗೆ 70 ಗ್ರಾಂ ತೂಗುವ) ಹೊಸ, ಒಣ ಹಾಳೆಯ ಲೆಕ್ಕ. ನಾನು ನಾಲ್ಕಕ್ಕಿಂತ ಹೆಚ್ಚು ಹಾಕುವುದಿಲ್ಲ. ಮಳೆಗಾಲದಲ್ಲಿ ಎರಡೇ. ಜುಲೈಯಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಕಾಗದದ ಮಾತೇನು! ಒದ್ದೆ ಹಿಡಿದ ಹಾಳೆ ಬ್ಲೇಡಿಗೆ ಹಿಟ್ಟಿನ ಹಾಗೆ ಮೆತ್ತಿಕೊಂಡು ಮೂರು ಸಲ ಮೆಷಿನ್ ಕಟ್ಟಿಹೋಯಿತು. ರಿವರ್ಸ್ ಗುಂಡಿ ಒತ್ತಿ, ಹಿಂದೆ ಮುಂದೆ ಓಡಿಸಿ, ಬಂದಷ್ಟು ಎಳೆದು ತೆಗೆಯಬೇಕು. ಒಂದು ಸಲವಂತೂ ಅರ್ಧ ದಿನ ಹೋಯಿತು. ಆಮೇಲೆ ಮಳೆಗಾಲದ ಕಾಗದವನ್ನು ಒಂದು ರಾತ್ರಿ ಫ್ರಿಜ್ಜಿನ ಮೇಲೆ ಹರಡಿಟ್ಟು ಬೆಳಿಗ್ಗೆ ಹಾಕುವ ಅಭ್ಯಾಸ ಮಾಡಿದೆ. ಆಗಿನಿಂದ ತೊಂದರೆಯಿಲ್ಲ.

ಎರಡು ನಿಮಿಷ ಓಡಿದರೆ ಅರ್ಧ ಗಂಟೆ ತಣಿಯಬೇಕು. ಆದ್ದರಿಂದ ವರ್ಷಗಳ ರಾಶಿಯನ್ನು ಒಂದೇ ದಿನ ಮುಗಿಸುತ್ತೇನೆ ಎಂದುಕೊಂಡವರಿಗೆ ಇದು ಆಗುವುದಿಲ್ಲ. ನನಗೆ ಹಳೆಯ ಎರಡು ಟ್ರಂಕು ಖಾಲಿಯಾಗಲು ಗಣೇಶ ಚೌತಿಯವರೆಗೆ ಹಿಡಿಯಿತು. ಸದ್ದು ಮಿಕ್ಸಿಯಲ್ಲಿ ಒಣಮೆಣಸು ಪುಡಿ ಮಾಡಿದಷ್ಟು. ಭಾನುವಾರ ಹನ್ನೊಂದು ಗಂಟೆ ಮೇಲೆ ಮಾತ್ರ ಹಾಕುತ್ತೇನೆ, ಕೆಳಗಿನ ಮನೆಯಲ್ಲಿ ರಾತ್ರಿ ಪಾಳಿ ಮಾಡುವ ಹುಡುಗರಿದ್ದಾರೆ. ತಿಂಗಳಿಗೊಮ್ಮೆ ಒಂದು ಹಾಳೆಯ ಮೇಲೆ ಶ್ರೆಡ್ಡರ್ ಎಣ್ಣೆಯನ್ನು ಗೆರೆ ಗೆರೆಯಾಗಿ ಬಿಟ್ಟು ಒಳಗೆ ಹಾಕಬೇಕು. ತೆಂಗಿನೆಣ್ಣೆ ಬೇಡ, ಡಿಸೆಂಬರ್ ಚಳಿಗೆ ಒಳಗೇ ಗಟ್ಟಿಯಾಗುತ್ತದೆ. ಡಬ್ಬಿಯಲ್ಲಿ ಬರುವ ಸ್ಪ್ರೇ ಎಣ್ಣೆಯಂತೂ ಬೇಡವೇ ಬೇಡ, ಮೋಟಾರಿನ ಕಿಡಿಗೆ ಹೊತ್ತಿಕೊಳ್ಳಬಹುದು. ಸೀರೆ ಉಡುವವರು ಸೆರಗು ಸಿಕ್ಕಿಸಿಕೊಂಡು, ಕರಿಮಣಿ ಒಳಗೆ ಹಾಕಿಕೊಂಡು ಕೂರಿ. ಕೆಲಸ ಮುಗಿದ ಕೂಡಲೇ ಪ್ಲಗ್ ತೆಗೆಯಿರಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದನ್ನು ಮರೆಯಲೇಬಾರದು.

ಹಳೆಯ ಎಟಿಎಂ ಕಾರ್ಡನ್ನೂ ಕತ್ತರಿಸುತ್ತದೆ, ಆದರೆ ಚಿಪ್ ಕೆಲವೊಮ್ಮೆ ಒಂದೇ ಚೂರಿನಲ್ಲಿ ಇಡಿಯಾಗಿ ಉಳಿಯುತ್ತದೆ. ಮೊದಲು ಕತ್ತರಿಯಿಂದ ಚಿಪ್ಪನ್ನು ನಡುವೆ ತುಂಡರಿಸಿ ಆಮೇಲೆ ಹಾಕಿ. ಚೂರುಗಳನ್ನು ರದ್ದಿವಾಲಾ ಕೊಳ್ಳುವುದಿಲ್ಲ. ಸಾದಾ ಕಾಗದದ್ದು ತಾರಸಿಯ ಗೊಬ್ಬರದ ಡಬ್ಬಿಗೆ ಹೋಗುತ್ತದೆ, ಹಸಿ ಕಸದ ನೀರು ಹೀರಲು ಚೆನ್ನಾಗಿದೆ. ಉಳಿದದ್ದು ಒಣ ಕಸಕ್ಕೆ.

ಪಾರ್ಸೆಲ್ ಡಬ್ಬದ ಲೇಬಲನ್ನು ಮಾತ್ರ ಇದರೊಳಗೆ ಹಾಕಬೇಡಿ, ಗೋಂದು ಬ್ಲೇಡಿಗೆ ಹಿಡಿಯುತ್ತದೆ. ಅದರಲ್ಲಿ ಹೆಸರು, ಮನೆ ನಂಬರ್, ಎಷ್ಟೋ ಸಲ ಫೋನ್ ನಂಬರ್ ಕೂಡ ಇರುತ್ತದೆ, ಡಬ್ಬ ಹಾಗೇ ಕಸದ ಕೋಣೆಗೆ ಹೋಗುತ್ತದೆ. ನಾನು ಕಂಡುಕೊಂಡ ಉಪಾಯ: ಚಹಾ ಸೋಸಿದ ಕೂಡಲೇ ಬಿಸಿ ಪಾತ್ರೆಯ ತಳವನ್ನು ಲೇಬಲ್ ಮೇಲೆ ಒಂದು ಗಳಿಗೆ ಒತ್ತುತ್ತೇನೆ. ಬಿಲ್ಲಿನ ಹಾಗೆ ಬಿಸಿಗೆ ಅಚ್ಚಾಗುವ ಲೇಬಲ್ ಆದರೆ ಪೂರ್ತಿ ಕಪ್ಪಾಗಿ ಒಂದಕ್ಷರ ಕಾಣಿಸುವುದಿಲ್ಲ. ಶಾಯಿಯಲ್ಲಿ ಅಚ್ಚಾದದ್ದಾದರೆ ಕಪ್ಪಾಗುವುದಿಲ್ಲ, ನೀರು ಹಚ್ಚಿ ನೆನೆಸಿ ಕೆರೆಯಬೇಕು.

ಮನೆಯಿಂದ ಹೊರಗೆ ಹೋಗುವ ಕಾಗದಕ್ಕೆ ಈ ಮೆಷಿನ್ ಏನೂ ಮಾಡಲಾರದು. ನಮ್ಮನ್ನು ಹಾಳು ಮಾಡಿದ ಆ ವಾರೆ ಜೆರಾಕ್ಸನ್ನು ಇದು ತಡೆಯುತ್ತಿರಲಿಲ್ಲ. ಈಗ ಅಂಗಡಿಯಲ್ಲಿ ಹಾಳಾದ ಕಾಪಿಯನ್ನು ದುಡ್ಡು ಕೊಟ್ಟು ಕೇಳಿ ತರುತ್ತೇನೆ. ವಾಟ್ಸಾಪಿನಲ್ಲಿ ಕಳಿಸಿ ಪ್ರಿಂಟ್ ತೆಗೆಸಿದರೆ, ಅವರ ಕಂಪ್ಯೂಟರಿನಿಂದ ಅದನ್ನು ಅಳಿಸಿದ ಮೇಲೇ ಅಂಗಡಿಯಿಂದ ಇಳಿಯುವುದು. ಯಾರಿಗೇ ಕಾಪಿ ಕೊಟ್ಟರೂ ಕಾರ್ಡಿನ ಮೇಲೆಯೇ ಅಡ್ಡವಾಗಿ, ಯಾವ ಕೆಲಸಕ್ಕೆ, ಯಾವ ತಾರೀಕು ಎಂದು ಪೆನ್ನಿನಿಂದ ಬರೆಯುತ್ತೇನೆ. ಆ ಕಾಪಿಯನ್ನು ಬೇರೆ ಕಡೆ ಕೊಟ್ಟರೆ ತೆಗೆದುಕೊಳ್ಳುವವರು ಒಂದು ಸಲ ಯೋಚಿಸುತ್ತಾರೆ. ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಬಹುದು, ಬೆರಳಚ್ಚನ್ನು ಲಾಕ್ ಮಾಡಬಹುದು. ಆಧಾರ್‌ನವರ ಸಹಾಯವಾಣಿ 1947. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಕಂಡಕಂಡವರಿಗೆ ಜೆರಾಕ್ಸ್ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತ್ತು. ತಪ್ಪು ಅರ್ಥಕ್ಕೆ ಎಡೆಯಾಗುತ್ತದೆ ಎಂದು ಎರಡೇ ದಿನಕ್ಕೆ ಅದನ್ನು ಹಿಂತೆಗೆದುಕೊಂಡರು. ಹಿಂತೆಗೆದುಕೊಳ್ಳಬಾರದಿತ್ತು ಎನ್ನುವುದು ನನ್ನ ಅಭಿಪ್ರಾಯ.

"ನಿಮ್ಮ ಕಾಗದ ಯಾರಿಗೆ ಬೇಕು ಆಂಟಿ?" ಎಂದು ಹಾಳಾದ ಕಾಪಿ ಕೇಳಿದಾಗೆಲ್ಲ ಅಂಗಡಿಯ ಹುಡುಗರು ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ನನಗೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ನೆನಪಾಗುತ್ತದೆ. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಅವರ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದದ್ದು. ನನ್ನ ವಾರೆ ಜೆರಾಕ್ಸ್ ಕೂಡ ಆ ಹಕ್ಕಿನೊಳಗೇ ಬರುತ್ತದೆ ಎಂದು ನಾನು ನಂಬಿದ್ದೇನೆ, ಆದ್ದರಿಂದ ಕೇಳಲು ಸಂಕೋಚಪಡುವುದಿಲ್ಲ.

ಇನ್ನೊಂದು, ನಮ್ಮ ಬಾಯಿ. ನವೆಂಬರ್‌ನಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಘಾಟ್ಕೋಪರ್ ದಾಟಿದ ಮೇಲೆ ಒಬ್ಬಳು ಫೋನಿನಲ್ಲಿ ಮಾತಾಡುತ್ತಿದ್ದಳು, ಅಚ್ಚ ಕುಂದಾಪುರ ಕನ್ನಡ. "ಬರ್ಕೊ ಮಾರಾಯ, ಹೇಳ್ತೆ" ಎಂದು ಆಧಾರ್ ನಂಬರನ್ನು ನಾಲ್ಕು ನಾಲ್ಕು ಅಂಕಿ ಬಿಡಿಸಿ ಹೇಳಿದಳು, ಆಮೇಲೆ ಹುಟ್ಟಿದ ತಾರೀಕು, ಆಮೇಲೆ ಫೋನಿಗೆ ಬಂದ ಓಟಿಪಿ. ಸುತ್ತ ಮರಾಠಿ, ಗುಜರಾತಿ ಹೆಂಗಸರು, ಯಾರಿಗೂ ತಿಳಿಯುವುದಿಲ್ಲ ಎನ್ನುವ ಧೈರ್ಯ. ಅವಳ ಮಾತು ಮುಗಿದ ಮೇಲೆ ಭುಜ ಮುಟ್ಟಿ, "ಮಗಾ, ನಾನೂ ಕುಂದಾಪ್ರದವಳೇ" ಎಂದೆ. ಅವಳ ಮುಖ ಬಿಳುಚಿತು. ಎದುರು ಸೀಟಿನ ಇನ್ನೊಬ್ಬಾಕೆ "ನಾನು ಹೆಬ್ರಿ" ಎಂದಳು. ಈ ಊರಿನ ಗಾಡಿಯಲ್ಲಿ ಕನ್ನಡ ಬರುವವರು ಇಲ್ಲದ ಡಬ್ಬಿ ಇಲ್ಲ. ಎಟಿಎಂನಲ್ಲಿ ಪಿನ್ ಒತ್ತುವಾಗ ಕೈ ಅಡ್ಡ ಹಿಡಿಯುವವರೂ ಗಾಡಿಯಲ್ಲಿ ಬಾಯಿ ಬಿಟ್ಟು ಓದುತ್ತಾರೆ. ಮೋಸ ಆಗಿ ದುಡ್ಡು ಹೋಯಿತೆಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೆಳಗಿನ ಅಂಚೆ ಪೆಟ್ಟಿಗೆಗೆ ಎಂಬತ್ತು ರೂಪಾಯಿಯ ಬೀಗ ಹಾಕಿಸಿದೆ. ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋದರೆ ಇಪ್ಪತ್ತು ದಿನದ ಟಪಾಲು ಪೆಟ್ಟಿಗೆಯಿಂದ ಹೊರಗೆ ಇಣುಕುತ್ತಿತ್ತು. ಈಗ ಬೀಗದ ಕೈ ಎದುರು ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಬಳಿ ಇರುತ್ತದೆ.

ಕೊಳ್ಳಬೇಕೇ ಎಂದು ಕೇಳಿದರೆ, ಕೊಳ್ಳಿ ಎಂದೇ ಹೇಳುತ್ತೇನೆ. ಮನೆಗೊಂದು ಬೇಕೆಂದಿಲ್ಲ, ಕಟ್ಟಡದ ಒಂದು ವಿಂಗಿಗೆ ಒಂದಿದ್ದರೆ ಸಾಕು. ನಮ್ಮ ವಿಂಗಿನ ನಾಲ್ಕು ಮನೆಯವರು ಭಾನುವಾರ ಕಾಗದ ತರುತ್ತಾರೆ. ಅವರವರ ಕಾಗದ ಅವರವರೇ ಹಾಕಬೇಕು, ನಾನು ಓದುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ.

ಕಳೆದ ಭಾನುವಾರ ಕಾಕು ಬಂದರು. ಅವರ ಯಜಮಾನರು, ಕಾಕಾ, ತೀರಿಹೋಗಿ ವರ್ಷವಾಯಿತು. ಪೆನ್ಷನ್, ವಿಮೆ, ಬ್ಯಾಂಕ್ ಎಲ್ಲದರ ಕೆಲಸ ಮುಗಿದಿದೆ, ಉಳಿದ ಜೆರಾಕ್ಸ್‌ಗಳು ಒಂದು ಬಟ್ಟೆ ಚೀಲದಲ್ಲಿ. ಸತ್ತವರ ಕಾಗದದಿಂದಲೂ ಸಾಲ ಎತ್ತುತ್ತಾರೆ ಎಂದು ನಾನೇ ಅವರಿಗೆ ಹೇಳಿದ್ದು. ಸ್ಟೂಲಿನ ಮೇಲೆ ಕೂತು ಒಂದೊಂದೇ ಹಾಳೆ ಹಾಕಿದರು, ಅವಸರವಿಲ್ಲದೆ. ಆಧಾರ್ ಜೆರಾಕ್ಸ್ ಕೈಗೆ ಬಂದಾಗ ನಿಲ್ಲಿಸಿದರು. "ಕತ್ತರಿ ಇದೆಯಾ?" ಎಂದು ಕೇಳಿದರು. ಕೊಟ್ಟೆ. ಮೂಲೆಯಲ್ಲಿದ್ದ ಕಾಕಾ ಅವರ ಫೋಟೋವನ್ನಷ್ಟೇ ಸುತ್ತ ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು, ಉಳಿದ ಹಾಳೆಯನ್ನು ಮೆಷಿನ್ನಿನ ಬಾಯಿಗೆ ಹಿಡಿದರು.